ಮನೆ ವರ್ಕ್‌ಶಾಪ್‌ಗೆ ಮೊದಲ ಲೇತ್, ಮಿಲ್ಲಿಂಗ್ ಮಷಿನ್: ಯಾವುದು ಮೊದಲು, ಎಷ್ಟು ದೊಡ್ಡದು?

ಉಗಿಬಂಡಿ:
ಎಲ್ಲರಿಗೂ ನಮಸ್ಕಾರ. ಸಣ್ಣ ಸ್ಟೀಮ್ ಎಂಜಿನ್ ಮಾಡೆಲ್‌ಗಳನ್ನು ಮಾಡಬೇಕೆಂದು ತುಂಬಾ ಆಸೆ. ಸಿಲಿಂಡರ್, ಪಿಸ್ಟನ್, ಫ್ಲೈವೀಲ್ ಎಲ್ಲವನ್ನೂ ನಾನೇ ಮಾಡಬೇಕು. ಜೊತೆಗೆ ಬುಷ್, ಪಿನ್, ಸ್ಪೇಸರ್ ಥರದ ರಿಪೇರಿ ಕೆಲಸಗಳೂ ಬರುತ್ತವೆ. ಅರ ಹಿಡಿಯಲು, ಡ್ರಿಲ್ ಮಾಡಲು, ಟ್ಯಾಪ್ ಹೊಡೆಯಲು ಗೊತ್ತು. ಲೇತ್ (ಜಾಬ್, ಅಂದರೆ ಕೆಲಸದ ತುಂಡು ತಿರುಗುತ್ತಾ ಟೂಲ್ ಕತ್ತರಿಸುವ ಮಷಿನ್) ಇನ್ನೂ ಓಡಿಸಿಲ್ಲ. ಇರುವುದು ಒಂದು ಸಣ್ಣ ರೂಮು, ಸಿಂಗಲ್ ಫೇಸ್ ಕರೆಂಟ್. ಲೇತ್ ಮೇಲೆಯೇ ಮಿಲ್ಲಿಂಗ್ ಹೆಡ್ (ಕಟರ್ ತಿರುಗಿಸಿ ಕೆತ್ತುವ ಭಾಗ) ಕೂತಿರುವ ಕಾಂಬೋ ಮಷಿನ್ ಒಂದು ಕಣ್ಣಿಗೆ ಬಿತ್ತು, ಜಾಗವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ ಅನ್ನಿಸುತ್ತಿದೆ. ಅದು ಸರಿನಾ? ಬೇರೆ ಬೇರೆ ತಗೊಳ್ಳುವುದಾದರೆ ಮೊದಲು ಯಾವುದು?

ಹಳೆಟರ್ನರ್:
ಮೊದಲು ಲೇತ್. ಇದರಲ್ಲಿ ನನಗೆ ಎರಡು ಮಾತಿಲ್ಲ.

ನೀವು ಬರೆದ ಪಟ್ಟಿಯನ್ನೇ ನೋಡಿ. ಸಿಲಿಂಡರ್, ಪಿಸ್ಟನ್, ಫ್ಲೈವೀಲ್, ಬುಷ್, ಪಿನ್, ಸ್ಪೇಸರ್, ಎಲ್ಲವೂ ದುಂಡಗಿನ ಕೆಲಸವೇ. ಚಪ್ಪಟೆ ಮುಖವನ್ನು ಲೇತ್‌ನಲ್ಲೂ ಮಾಡಬಹುದು, ನಾಲ್ಕು ದವಡೆಯ ಚಕ್‌ನಲ್ಲಿ (ತಿರುಗುವ ಹಿಡಿಕೆ) ಜಾಬ್ ಹಿಡಿದು ಫೇಸಿಂಗ್, ಅಂದರೆ ಮುಖ ಸಮ ಮಾಡಿದರೆ ಆಯಿತು. ಕ್ರಾಸ್ ಸ್ಲೈಡ್ (ಟೂಲ್ ಅನ್ನು ಅಡ್ಡ ಓಡಿಸುವ ಭಾಗ) ಮೇಲೆ ವರ್ಟಿಕಲ್ ಸ್ಲೈಡ್ (ಜಾಬ್ ಹಿಡಿದು ಮೇಲೆ ಕೆಳಗೆ ಓಡಿಸುವುದು) ಕೂರಿಸಿ, ಎಂಡ್ ಮಿಲ್ (ಪಕ್ಕದಿಂದಲೂ ಕತ್ತರಿಸುವ ಕಟರ್) ಅನ್ನು ಸ್ಪಿಂಡಲ್‌ನಲ್ಲಿ (ತಿರುಗುವ ಮುಖ್ಯ ದಂಡ) ಕೋಲೆಟ್‌ಗೆ (ಕಟರ್ ಸುತ್ತ ಬಿಗಿಯುವ ಸೀಳು ತೋಳು) ಕೊಟ್ಟರೆ ಸಣ್ಣ ಸ್ಲಾಟ್, ಕೀ ವೇ (ಕೀ ಕೂರುವ ಗಾಡಿ) ಕೂಡ ಆಗುತ್ತವೆ. ನಿಧಾನ, ಹಗುರ ಕಟ್ ತಗೊಳ್ಳಬೇಕು, ಆದರೆ ಆಗುತ್ತದೆ. ಎಷ್ಟೋ ಒಳ್ಳೆಯ ಮಾಡೆಲ್ ಎಂಜಿನ್‌ಗಳು ಹುಟ್ಟಿದ್ದೇ ಹೀಗೆ.

ಕಾಂಬೋ ಮಷಿನ್ ಬೇಡ. ಅದರಲ್ಲಿ ಮಿಲ್ಲಿಂಗ್ ಟೇಬಲ್ ಅಂದರೆ ಲೇತ್‌ನ ಕ್ರಾಸ್ ಸ್ಲೈಡೇ. ಚಿಕ್ಕದು, ಓಡಾಟ ಕಡಿಮೆ. ಹೆಡ್ ಕೂರುವ ಕಂಬ ಸಣಕಲು, ಕಟ್ ಸ್ವಲ್ಪ ಜಾಸ್ತಿಯಾದರೆ ನಡುಗುತ್ತದೆ. ಎಲ್ಲಕ್ಕಿಂತ ಬೇಸರದ ಸಂಗತಿ ಇನ್ನೊಂದು. ಲೇತ್‌ನಲ್ಲಿ ಒಂದು ಜಾಬ್ ಅರ್ಧ ಆಗಿದೆ, ಅದಕ್ಕೊಂದು ಸಣ್ಣ ಸ್ಲಾಟ್ ಬೇಕು ಅಂದಾಗ ಎಲ್ಲ ಸೆಟಿಂಗ್ ಬಿಚ್ಚಬೇಕು. ಮತ್ತೆ ಅದೇ ಸೆಂಟರ್‌ಗೆ ತರಲು ಅರ್ಧ ದಿನ ಹೋಗುತ್ತದೆ.

ಸ್ಲಾಟ್‌ಡ್ರಿಲ್:
ಹಳೆಟರ್ನರ್ ಅವರೇ, ಕಾಂಬೋ ಬೇಡ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ "ಮೊದಲು ಲೇತ್" ಎಲ್ಲರಿಗೂ ಹೊಂದುವ ಮಾತಲ್ಲ. ಬ್ರಾಕೆಟ್, ಪ್ಲೇಟ್, ಬಾಕ್ಸ್, ಲೆಕ್ಕದ ಜಾಗದಲ್ಲಿ ಸಾಲು ತೂತು, ಇಂಥ ಕೆಲಸವೇ ಜಾಸ್ತಿ ಇರುವವರಿಗೆ ಮಿಲ್ಲಿಂಗ್ ಮೊದಲು ಬರಬೇಕು. ಮಿಲ್ಲಿಂಗ್‌ನಲ್ಲಿ ಬೋರಿಂಗ್ ಹೆಡ್ ಹಾಕಿ ತೂತನ್ನು ಬೇಕಾದ ಅಳತೆಗೆ ತರಬಹುದು. ರೋಟರಿ ಟೇಬಲ್ ಇದ್ದರೆ ಹೊರಗಿನ ದುಂಡು ಕೂಡ ಬರುತ್ತದೆ.

ವರ್ಟಿಕಲ್ ಸ್ಲೈಡ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅದರಲ್ಲಿ ಜಾಬ್ ಹಿಡಿಯುವ ಜಾಗ ಬಹಳ ಚಿಕ್ಕದು. ಟೂಲ್ ಪೋಸ್ಟ್ ತೆಗೆದು ಸ್ಲೈಡ್ ಹಾಕು, ಸ್ಲೈಡ್ ತೆಗೆದು ಟೂಲ್ ಪೋಸ್ಟ್ ಹಾಕು, ಇದೇ ಆಗುತ್ತದೆ. ಉಗಿಬಂಡಿಯವರಿಗೆ ನನ್ನ ಮಾತು: ಲೇತ್ ಮೊದಲು ತಗೊಳ್ಳಿ, ನಿಮ್ಮ ಕೆಲಸಕ್ಕೆ ಅದೇ ಸರಿ. ಆದರೆ ಮಿಲ್ಲಿಂಗ್‌ಗೆ ಈಗಲೇ ಜಾಗ ಬಿಟ್ಟಿಡಿ. ವಾಲ್ವ್ ಚೆಸ್ಟ್, ಬೇರಿಂಗ್ ಬ್ಲಾಕ್, ಕ್ರಾಸ್‌ಹೆಡ್ ಗೈಡ್, ಕನೆಕ್ಟಿಂಗ್ ರಾಡ್ ಅಂತ ಬಂದಾಗ ಅದು ಬೇಕೇ ಬೇಕು.

ಉಗಿಬಂಡಿ:
ಇಬ್ಬರಿಗೂ ಧನ್ಯವಾದ. ಸರಿ, ಲೇತ್ ಮೊದಲು. ಈಗ ಎಷ್ಟು ದೊಡ್ಡದು? ಕೆಲವು ಕಡೆ 180 × 350 ಅಂತ ಬರೆದಿರುತ್ತಾರೆ, ಕೆಲವು ಕಡೆ 7 × 14. ನನ್ನ ದೊಡ್ಡ ಫ್ಲೈವೀಲ್ 125 ಮಿ.ಮೀ. ಇರಬಹುದು. 180ರಲ್ಲಿ ಆರಾಮಾಗಿ ಹಿಡಿಯುತ್ತದೆ ಅಲ್ವಾ?

ಬೀಡುಕಬ್ಬಿಣ:
ಮೊದಲು ಆ ಎರಡೂ ಒಂದೇ ಅಂತ ತಿಳಿಯಿರಿ. ಒಂದು ಮಿ.ಮೀ.ನಲ್ಲಿ, ಇನ್ನೊಂದು ಇಂಚಿನಲ್ಲಿ. ಮೊದಲ ಅಂಕಿ ಸ್ವಿಂಗ್, ಅಂದರೆ ಬೆಡ್‌ಗೆ (ಲೇತ್‌ನ ಉದ್ದ ತಳಭಾಗ) ತಾಗದೆ ತಿರುಗಬಲ್ಲ ಅತಿ ದೊಡ್ಡ ವ್ಯಾಸ. ಎರಡನೆಯದು ಎರಡು ಸೆಂಟರ್‌ಗಳ (ಜಾಬ್‌ನ ಎರಡೂ ತುದಿಗೆ ಆಸರೆ ಕೊಡುವ ಮೊನೆಗಳು) ನಡುವಿನ ದೂರ. ಕೆಲವು ಹಳೆಯ ಮಷಿನ್‌ಗಳಿಗೆ ಸ್ವಿಂಗ್ ಬದಲು ಸೆಂಟರ್ ಹೈಟ್ ಬರೆದಿರುತ್ತಾರೆ, ಅದು ಸ್ವಿಂಗ್‌ನ ಅರ್ಧ. ಮೂರೂವರೆ ಇಂಚಿನ ಲೇತ್ ಅಂದರೆ ಏಳು ಇಂಚು ಸ್ವಿಂಗ್.

ಇನ್ನು 125ರ ಫ್ಲೈವೀಲ್. 180ರ ಲೇತ್‌ನಲ್ಲಿ ಅದು ಬೆಡ್ ಮೇಲೆ ತಿರುಗುತ್ತದೆ, ನಿಜ. ಆದರೆ ಕ್ರಾಸ್ ಸ್ಲೈಡ್ ಮೇಲೆ ತಿರುಗುವ ವ್ಯಾಸ ಬೇರೆ, ಆ ಸೈಜಿನ ಮಷಿನ್‌ಗಳಲ್ಲಿ ಅದು ಹೆಚ್ಚು ಕಡಿಮೆ 110 ಇರುತ್ತದೆ. ಅಂಚನ್ನು ಟರ್ನ್ ಮಾಡುವಾಗ ಕ್ರಾಸ್ ಸ್ಲೈಡ್ ಜಾಬ್‌ನ ಕೆಳಗೆ ಬರುವ ಹಾಗಿಲ್ಲ, ಟೂಲ್ ಅನ್ನು ಹೊರಗೆ ಚಾಚಿ ಕಟ್ ಮಾಡಬೇಕಾಗುತ್ತದೆ. ಟೂಲ್ ಚಾಚಿದಷ್ಟೂ ನಡುಕ.

ಉದ್ದದಲ್ಲೂ ಇದೇ ಕಥೆ. 350 ಅಂತ ಬರೆದಿದ್ದರೂ ಚಕ್ ಒಂದಿಷ್ಟು ತಿನ್ನುತ್ತದೆ. ಟೇಲ್‌ಸ್ಟಾಕ್‌ನಲ್ಲಿ (ಚಕ್‌ನ ಎದುರು ತುದಿಯ ಆಸರೆ) ಡ್ರಿಲ್ ಚಕ್, ಅದರೊಳಗೆ ಉದ್ದದ ಡ್ರಿಲ್ ಅಂತ ಹಾಕಿದಾಗ ಜಾಬ್‌ಗೆ ಉಳಿಯುವುದು ಅಚ್ಚರಿಯಾಗುವಷ್ಟು ಕಡಿಮೆ. ಆದ್ದರಿಂದ 300ರ ಮಷಿನ್‌ಗೂ 350ರ ಮಷಿನ್‌ಗೂ ವ್ಯತ್ಯಾಸ ಸಣ್ಣದಲ್ಲ.

ಇವೆರಡಕ್ಕಿಂತ ದೊಡ್ಡ ಅಂಕಿ ಯಾವುದು ಗೊತ್ತಾ? ತೂಕ. 180ರ ಮಿನಿ ಲೇತ್ 40 ಕಿಲೋ ಆಸುಪಾಸು ಇರುತ್ತದೆ. ಅದಕ್ಕಿಂತ ಮುಂದಿನ ಸೈಜು, 250 ಮಿ.ಮೀ. ಸ್ವಿಂಗ್‌ನದು, 100 ಕಿಲೋ ದಾಟುತ್ತದೆ. ಎರಡರ ಮೋಟರ್ ಹತ್ತಿರ ಹತ್ತಿರ ಒಂದೇ ಶಕ್ತಿಯದು ಇದ್ದರೂ ಕೆಲಸದಲ್ಲಿ ಅಜಗಜಾಂತರ. ಪಾರ್ಟಿಂಗ್ ಟೂಲ್ (ಜಾಬ್ ಕತ್ತರಿಸಿ ಬೇರ್ಪಡಿಸುವುದು) ಕೊಟ್ಟು ನೋಡಿ, ಕೂಡಲೇ ಗೊತ್ತಾಗುತ್ತದೆ. 25 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಕತ್ತರಿಸುವಾಗ ಹಗುರ ಮಷಿನ್ ಕಿರುಚುತ್ತದೆ, ಟೂಲ್ ಸಿಕ್ಕಿಕೊಳ್ಳುತ್ತದೆ. ಭಾರದ ಮಷಿನ್ ಸುಮ್ನೆ ಕತ್ತರಿಸಿಕೊಂಡು ಹೋಗುತ್ತದೆ. ರೂಮಿಗೆ ಹೊತ್ತು ಸಾಗಿಸಲು ಆಗುವಷ್ಟು, ನೆಲ ಮತ್ತು ಸ್ಟ್ಯಾಂಡ್ ತಡೆಯುವಷ್ಟು ಭಾರದ್ದನ್ನೇ ತಗೊಳ್ಳಿ. ಚಕ್, ಟೇಲ್‌ಸ್ಟಾಕ್, ಮೋಟರ್ ಬಿಚ್ಚಿದರೆ ಸಾಗಾಟ ಸುಲಭವಾಗುತ್ತದೆ.

ಡಯಲ್‌ಗೇಜ್:
ಬೀಡುಕಬ್ಬಿಣ ಅವರ ಮಾತಿಗೆ ಸ್ಪೀಡ್ ಸೇರಿಸುತ್ತೇನೆ. ಎಲ್ಲರೂ ಮಷಿನ್‌ನ ಮೇಲಿನ ಸ್ಪೀಡ್ ನೋಡುತ್ತಾರೆ, 2500 ಆರ್‌ಪಿಎಂ ಅಂತ ಖುಷಿಪಡುತ್ತಾರೆ. ನೋಡಬೇಕಾದ್ದು ಕೆಳಗಿನ ಸ್ಪೀಡ್.

ಲೆಕ್ಕ ಸುಲಭ. ಕಟಿಂಗ್ ಸ್ಪೀಡ್ ಮೀಟರ್‌ನಲ್ಲಿ ತಗೊಂಡು 1000ದಿಂದ ಗುಣಿಸಿ, 3.14ರಿಂದಲೂ ಮಿ.ಮೀ. ವ್ಯಾಸದಿಂದಲೂ ಭಾಗಿಸಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ನಲ್ಲಿ ಎಂಎಸ್‌ಗೆ ನಿಮಿಷಕ್ಕೆ 25 ಮೀಟರ್ ಹಿಡಿದರೆ, 10 ಮಿ.ಮೀ. ಪಿನ್‌ಗೆ ಸುಮಾರು 800 ಆರ್‌ಪಿಎಂ. 25 ಮಿ.ಮೀ. ರಾಡ್‌ಗೆ 320ರ ಹತ್ತಿರ. ನಿಮ್ಮ 125ರ ಫ್ಲೈವೀಲ್ ಬೀಡುಕಬ್ಬಿಣದ್ದಾದರೆ ಇನ್ನೂ ನಿಧಾನ ಬೇಕು, 20 ಮೀಟರ್ ಹಿಡಿದರೂ 50 ಆರ್‌ಪಿಎಂ ಅಷ್ಟೇ.

ಈಗ ಪ್ರಶ್ನೆ ಬರುವುದು ಇಲ್ಲಿ. ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲ್ ಇರುವ ಸಣ್ಣ ಡಿಸಿ ಮೋಟರ್ 50 ಆರ್‌ಪಿಎಂ ತೋರಿಸಬಹುದು, ಆದರೆ ಅಷ್ಟು ಕೆಳಗೆ ಅದಕ್ಕೆ ಬಲ ಇರುವುದಿಲ್ಲ. ಕಟ್ ಕೊಟ್ಟರೆ ನಿಂತುಬಿಡುತ್ತದೆ. ಬೆಲ್ಟ್ ಬದಲಿಸಿ ಅಥವಾ ಗೇರ್ ಹಾಕಿ ಸ್ಪೀಡ್ ಇಳಿಸುವ ಮಷಿನ್‌ನಲ್ಲಿ ಸ್ಪೀಡ್ ಇಳಿದಷ್ಟೂ ಬಲ ಏರುತ್ತದೆ. ಹಳೆಯ ಲೇತ್‌ಗಳ ಬ್ಯಾಕ್ ಗೇರ್ ಇದೇ ಕೆಲಸ ಮಾಡುವುದು. ಥ್ರೆಡ್ ಕಟಿಂಗ್‌ಗೂ ನಿಧಾನ ಸ್ಪೀಡ್ ಬೇಕು, ಶೋಲ್ಡರ್ (ದಪ್ಪ ಶುರುವಾಗುವ ಮೆಟ್ಟಿಲು) ಹತ್ತಿರ ಬಂದಾಗ ಹಾಫ್ ನಟ್ (ಟೂಲ್ ಅನ್ನು ಉದ್ದಕ್ಕೆ ಎಳೆಯುವ ಸ್ಕ್ರೂಗೆ ಜೋಡಿಸುವ ನಟ್) ಬಿಡಲು ನಿಮಗೆ ಸಮಯ ಸಿಗಬೇಕಲ್ಲ.

ಉಗಿಬಂಡಿ:
ಇದು ಯಾರೂ ಹೇಳಿರಲಿಲ್ಲ, ತುಂಬಾ ಉಪಯೋಗವಾಯಿತು. ಈಗ ನನ್ನ ಮುಂದೆ ಎರಡು ದಾರಿ ಇವೆ. ಒಂದು, ಹೊಸ 250ರ ಲೇತ್. ಇನ್ನೊಂದು, ಬಳಸಿದ ಮೈಫೋರ್ಡ್ ಎಂಎಲ್7 (ಹಳೆಯ ಬ್ರಿಟಿಷ್ ಲೇತ್). ಹಳೆಯದನ್ನು ನೋಡಲು ಹೋದರೆ ಏನೇನು ಪರೀಕ್ಷೆ ಮಾಡಬೇಕು? ಬಣ್ಣ ಚೆನ್ನಾಗಿ ಹೊಡೆದಿದ್ದಾರೆ.

ಹಳೆಟರ್ನರ್:
ಬಣ್ಣ ನೋಡಲೇಬೇಡಿ. ಹೊಸ ಬಣ್ಣದ ಕೆಳಗೆ ಏನು ಬೇಕಾದರೂ ಇರಬಹುದು.

ಎಂಎಲ್7 ಒಳ್ಳೆಯ ಮಷಿನ್. 1946ರಲ್ಲಿ ಬಂದದ್ದು, ಮಾಡೆಲ್ ಎಂಜಿನ್ ಮಾಡುವವರನ್ನು ಮನಸ್ಸಲ್ಲಿ ಇಟ್ಟುಕೊಂಡೇ ಮಾಡಿದ ಹಾಗಿದೆ. ಅದರ ಕ್ರಾಸ್ ಸ್ಲೈಡ್‌ನಲ್ಲಿ ಟಿ ಸ್ಲಾಟ್‌ಗಳಿವೆ. ಸಿಲಿಂಡರ್ ಅನ್ನು ಅದರ ಮೇಲೆ ಬಿಗಿದು, ಎರಡು ಸೆಂಟರ್ ನಡುವೆ ಬೋರಿಂಗ್ ಬಾರ್ ತಿರುಗಿಸಿ ಬೋರ್ ಮಾಡಬಹುದು. ಬೋರ್ ನೇರವಾಗಿ ಬರುತ್ತದೆ. ನಿಮ್ಮ ಕೆಲಸಕ್ಕೆ ಇದು ಸಣ್ಣ ಲಾಭವಲ್ಲ. ಆದರೆ ಸ್ವಿಂಗ್ ಏಳು ಇಂಚೇ, ಸ್ಪಿಂಡಲ್ ತೂತು 15 ಮಿ.ಮೀ. ಮಾತ್ರ. ಅದಕ್ಕಿಂತ ದಪ್ಪದ ಉದ್ದ ರಾಡ್ ಒಳಗೆ ಹೋಗುವುದಿಲ್ಲ.

ನೋಡಲು ಹೋದಾಗ ಡಯಲ್ ಗೇಜ್ (ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ), ಮ್ಯಾಗ್ನೆಟಿಕ್ ಸ್ಟ್ಯಾಂಡ್ ಒಯ್ಯಿರಿ. ಮೊದಲ ಪರೀಕ್ಷೆ ಬೆಡ್‌ದು. ಕ್ಯಾರೇಜ್ (ಬೆಡ್ ಮೇಲೆ ಟೂಲ್ ಹೊತ್ತು ಓಡುವ ಭಾಗ) ಅನ್ನು ಚಕ್ ಹತ್ತಿರ ತಂದು, ಗಿಬ್ (ಸ್ಲೈಡ್‌ನ ಸಡಿಲು ತೆಗೆಯುವ ಪಟ್ಟಿ) ಸ್ಕ್ರೂಗಳನ್ನು ಸರಿಯಾಗಿ ಜಾರುವಷ್ಟು ಬಿಗಿ ಮಾಡಿ. ಈಗ ಕ್ಯಾರೇಜ್ ಅನ್ನು ಟೇಲ್‌ಸ್ಟಾಕ್ ಕಡೆಗೆ ಓಡಿಸಿ. ದಾರಿಯಲ್ಲಿ ಬಿಗಿಯಾಗಿ ನಿಂತರೆ ಚಕ್ ಹತ್ತಿರದ ಬೆಡ್ ಸವೆದಿದೆ ಅಂತ ಅರ್ಥ. ಕೆಲಸವೆಲ್ಲ ನಡೆಯುವುದು ಚಕ್ ಹತ್ತಿರವೇ, ಸವೆಯುವುದೂ ಅಲ್ಲೇ. ಟೇಲ್‌ಸ್ಟಾಕ್ ಕಡೆ ಬೆಡ್ ಯಾವಾಗಲೂ ಹೊಸದರ ಹಾಗೇ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ.

ಆಮೇಲೆ ಸ್ಪಿಂಡಲ್. ಡಯಲ್ ಅನ್ನು ಸ್ಪಿಂಡಲ್ ಮೂಗಿಗೆ ತಾಗಿಸಿ, ಚಕ್‌ನಲ್ಲಿ ಒಂದು ದಪ್ಪ ರಾಡ್ ಹಿಡಿದು ಮೇಲೆ ಕೆಳಗೆ ಒತ್ತಿ. ಮುಳ್ಳು ಎಷ್ಟು ಓಡುತ್ತದೆ ನೋಡಿ. ಎಂಎಲ್7ರಲ್ಲಿ ವೈಟ್ ಮೆಟಲ್ ಬೇರಿಂಗ್ ಇರುವುದು, ಪ್ಲೇ ಇದ್ದರೆ ಶಿಮ್ (ತೆಳು ಲೋಹದ ಹಾಳೆ) ತೆಗೆದು ಸರಿ ಮಾಡಲು ಬರುತ್ತದೆ. ಬೇರಿಂಗ್ ಒಳಗೆ ಗೀರು ಬಿದ್ದಿದ್ದರೆ ಮಾತ್ರ ತಲೆನೋವು. ಹಾಫ್ ನಟ್ ಹಾಕಿ ಕ್ಯಾರೇಜ್ ಅಲ್ಲಾಡಿಸಿ. ಗೇರ್‌ಗಳ ಹಲ್ಲು ಒಂದೊಂದಾಗಿ ನೋಡಿ, ಬ್ಯಾಕ್ ಗೇರ್‌ನಲ್ಲಿ ಮುರಿದ ಹಲ್ಲು ಸಾಮಾನ್ಯ. ಕ್ರಾಸ್ ಸ್ಲೈಡ್ ಹ್ಯಾಂಡಲ್ ತಿರುಗಿಸಿದರೆ ಸ್ವಲ್ಪ ಖಾಲಿ ತಿರುಗುವುದು ಸಹಜ, ಅದಕ್ಕೆ ಹೆದರಬೇಡಿ. ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬಂದರೆ ಆ ಬ್ಯಾಕ್‌ಲ್ಯಾಶ್ ಕಾಡುವುದಿಲ್ಲ. ನಟ್ ಬದಲಿಸಿದರೂ ಕಡಿಮೆಯಾಗುತ್ತದೆ.

ಡಯಲ್‌ಗೇಜ್:
ಎರಡು ವಿಷಯ ಸೇರಿಸಬೇಕು. ಇಂಚಿನ ಲೀಡ್ ಸ್ಕ್ರೂ (ಥ್ರೆಡ್ ಮಾಡುವಾಗ ಕ್ಯಾರೇಜ್ ಎಳೆಯುವ ಸ್ಕ್ರೂ) ಇದ್ದರೆ ಮೆಟ್ರಿಕ್ ಥ್ರೆಡ್ ಪಕ್ಕಾ ಬರಲು 127 ಹಲ್ಲಿನ ಗೇರ್ ಬೇಕು. ಒಂದು ಇಂಚು 25.4 ಮಿ.ಮೀ., ಅದನ್ನು 5ರಿಂದ ಗುಣಿಸಿದರೆ 127. ಅದಕ್ಕೇ ಆ ಸಂಖ್ಯೆ. ಸಣ್ಣ ಗೇರ್‌ಗಳನ್ನೇ ಜೋಡಿಸಿ ತೀರಾ ಹತ್ತಿರದ ಪಿಚ್ ತರಬಹುದು, ಮಾಡೆಲ್‌ನ ಗಿಡ್ಡ ಥ್ರೆಡ್‌ಗಳಿಗೆ ಅದು ಸಾಕು. ಹೇಗೂ ಇಂಚಿನ ಲೀಡ್ ಸ್ಕ್ರೂನಲ್ಲಿ ಮೆಟ್ರಿಕ್ ಥ್ರೆಡ್ ಮಾಡುವಾಗ ಥ್ರೆಡ್ ಡಯಲ್ (ಹಾಫ್ ನಟ್ ಯಾವಾಗ ಹಾಕಬೇಕು ಅಂತ ತೋರಿಸುವುದು) ನಂಬುವ ಹಾಗಿಲ್ಲ. ಹಾಫ್ ನಟ್ ಬಿಡದೆ, ಟೂಲ್ ಹಿಂದೆ ಎಳೆದು, ಮಷಿನ್ ರಿವರ್ಸ್ ತಿರುಗಿಸಿ ವಾಪಸ್ ಬರಬೇಕು. ಚೇಂಜ್ ಗೇರ್ (ಪಿಚ್ ಬದಲಿಸುವ ಗೇರ್‌ಗಳು) ಸೆಟ್ ಪೂರ್ತಿ ಇದೆಯಾ ಅಂತ ಎಣಿಸಿಕೊಳ್ಳಿ.

ಇನ್ನೊಂದು, ಥ್ರೆಡ್ ಇರುವ ಸ್ಪಿಂಡಲ್ ಮೂಗು. ಎಂಎಲ್7ರಲ್ಲಿ ಚಕ್ ಸ್ಕ್ರೂ ಆಗಿ ಕೂರುತ್ತದೆ. ರಿವರ್ಸ್‌ನಲ್ಲಿ ಕಟ್ ಕೊಟ್ಟರೆ ಅಥವಾ ಮುಂದಕ್ಕೆ ಓಡುವಾಗ ದಿಢೀರ್ ನಿಲ್ಲಿಸಿದರೆ ಅದು ಬಿಚ್ಚಿಕೊಳ್ಳಬಹುದು. ಕಟ್ ಇಲ್ಲದೆ ನಿಧಾನಕ್ಕೆ ವಾಪಸ್ ಬರುವಾಗಲೂ ಎಚ್ಚರ ಬೇಕು. ಬೋಲ್ಟ್ ಹಾಕುವ ಫ್ಲೇಂಜ್ ಅಥವಾ ಕ್ಯಾಮ್‌ಲಾಕ್ ಇದ್ದರೆ ಈ ಭಯವಿಲ್ಲ.

ಬೀಡುಕಬ್ಬಿಣ:
ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಷಿನ್ ರಿಪೇರಿ ಮಾಡುವುದು ನಿಮಗೆ ಇಷ್ಟವಾದರೆ ಹಳೆಯದು. ಎಂಜಿನ್ ಮಾಡುವುದೇ ಇಷ್ಟವಾದರೆ, ಪರೀಕ್ಷೆಯಲ್ಲಿ ಪಾಸಾದ ಹಳೆಯದು ಅಥವಾ ಹೊಸದು. ಸವೆದ ಲೇತ್‌ನಲ್ಲಿ ಕಲಿಯುವುದು ಬಹಳ ಕಷ್ಟ, ಯಾಕೆಂದರೆ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಬಂದರೆ ತಪ್ಪು ನಿಮ್ಮದೋ ಮಷಿನ್‌ದೋ ಅಂತ ಹೊಸಬರಿಗೆ ಗೊತ್ತಾಗುವುದೇ ಇಲ್ಲ.

ಕರೆಂಟ್ ವಿಷಯ: ಹಳೆಯದರಲ್ಲಿ ತ್ರೀ ಫೇಸ್ ಮೋಟರ್ ಇದ್ದರೆ ಅಷ್ಟಕ್ಕೇ ಬಿಡಬೇಡಿ. ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಸಿಗುತ್ತದೆ, ಸ್ಪೀಡ್ ಕಂಟ್ರೋಲ್ ಕೂಡ ಬರುತ್ತದೆ. ಮೋಟರ್ ಡೆಲ್ಟಾದಲ್ಲಿ ಕಡಿಮೆ ವೋಲ್ಟೇಜ್‌ಗೆ ಜೋಡಿಸಲು ಬರುತ್ತದಾ ಅಂತ ನೇಮ್ ಪ್ಲೇಟ್ ನೋಡಿ.

ಉಗಿಬಂಡಿ:
ಮಿಲ್ಲಿಂಗ್ ಬಗ್ಗೆಯೂ ಕೇಳಿಬಿಡುತ್ತೇನೆ. ನನ್ನ ಹತ್ತಿರ ಗಟ್ಟಿಮುಟ್ಟಾದ ಡ್ರಿಲ್ಲಿಂಗ್ ಮಷಿನ್ ಇದೆ. ಅದಕ್ಕೆ ಎಕ್ಸ್ ವೈ ಟೇಬಲ್ ಹಾಕಿ ಸದ್ಯಕ್ಕೆ ನಡೆಸಬಹುದಾ?

ಸ್ಲಾಟ್‌ಡ್ರಿಲ್:
ದಯವಿಟ್ಟು ಬೇಡ. ಡ್ರಿಲ್ಲಿಂಗ್ ಮಷಿನ್ ಮಾಡಿರುವುದು ಕೆಳಗೆ ಒತ್ತಲು, ಪಕ್ಕಕ್ಕೆ ತಳ್ಳಲು ಅಲ್ಲ. ಡ್ರಿಲ್ ಚಕ್ ಒಂದು ಟೇಪರ್ ಮೇಲೆ ಬರೀ ಒತ್ತಡದಿಂದ ಕೂತಿರುತ್ತದೆ. ಪಕ್ಕದ ಬಲ, ನಡುಕ ಎರಡೂ ಸೇರಿದರೆ ಓಡುವಾಗಲೇ ಕಳಚಿ ಬೀಳಬಹುದು. ಎಂಡ್ ಮಿಲ್ ಅನ್ನು ಡ್ರಿಲ್ ಚಕ್‌ನಲ್ಲಿ ಹಿಡಿಯುವುದೂ ತಪ್ಪು. ದವಡೆಯ ಹಿಡಿತ ಸಾಲದೆ ಎಂಡ್ ಮಿಲ್ ಮೆಲ್ಲಗೆ ಕೆಳಗೆ ಇಳಿಯುತ್ತದೆ, ಸ್ಲಾಟ್ ಆಳವಾಗುತ್ತಾ ಹೋಗುತ್ತದೆ. ಕೋಲೆಟ್ ಬೇಕು, ಅದನ್ನು ಮೇಲಿಂದ ಎಳೆದು ಹಿಡಿಯುವ ಡ್ರಾಬಾರ್ ಬೇಕು.

ಮಿಲ್ಲಿಂಗ್ ಕೊಳ್ಳುವಾಗ ಮೊದಲು ಕಂಬ ನೋಡಿ. ದುಂಡು ಕಂಬದ ಮಷಿನ್ ನೋಡಲು ದೊಡ್ಡದು, ಗಟ್ಟಿ, ಬೆಲೆಗೆ ಲಾಭ ಅನ್ನಿಸುತ್ತದೆ. ಆದರೆ ಹೆಡ್ ಮೇಲೆ ಕೆಳಗೆ ಮಾಡಿದ ಕೂಡಲೇ ಅದು ಕಂಬದ ಸುತ್ತ ತಿರುಗಿ ಜಾಗ ತಪ್ಪುತ್ತದೆ. ಗಿಡ್ಡ ಎಂಡ್ ಮಿಲ್ ತೆಗೆದು ಉದ್ದ ಡ್ರಿಲ್ ಹಾಕಲು ಹೆಡ್ ಏರಿಸಿದಿರಿ ಅನ್ನಿ, ಮತ್ತೆ ಎಡ್ಜ್ ಫೈಂಡರ್ ಹಿಡಿದು ಮೊದಲಿಂದ ಜಾಗ ಹುಡುಕಬೇಕು. ಡವ್‌ಟೇಲ್ (ಓರೆ ಅಂಚಿನ ಜಾರುದಾರಿಯ) ಕಂಬದಲ್ಲಿ ಹೆಡ್ ನೇರ ಏರುತ್ತದೆ, ನೇರ ಇಳಿಯುತ್ತದೆ. ನಾನಂತೂ ಸ್ವಲ್ಪ ಚಿಕ್ಕದಾದರೂ ಡವ್‌ಟೇಲನ್ನೇ ತಗೊಳ್ಳಿ ಅನ್ನುತ್ತೇನೆ.

ಸ್ಪಿಂಡಲ್ ಟೇಪರ್ (ಟೂಲ್ ಕೂರುವ ಓರೆ ತೂತು) ಆರ್8 ನಮೂನೆಯದು ಇದ್ದರೆ ಒಳ್ಳೆಯದು. ಅದು ಬ್ರಿಡ್ಜ್‌ಪೋರ್ಟ್ ಮಷಿನ್‌ಗಳಿಂದ ಬಂದದ್ದು, ಟೂಲಿಂಗ್ ಬೇಕಾದಷ್ಟು ಸಿಗುತ್ತದೆ, ಡ್ರಾಬಾರ್ ಸಡಿಲಿಸಿ ಮೆಲ್ಲಗೆ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಎಂಟಿ3 (ಮೋರ್ಸ್ ಟೇಪರ್ 3) ಹೆಚ್ಚು ಬಿಗಿಯಾಗಿ ಕಚ್ಚುತ್ತದೆ, ಬಿಡಿಸಲು ಜೋರಾಗಿ ಹೊಡೆಯಬೇಕಾಗುತ್ತದೆ. ಆದರೆ ನಿಮ್ಮ ಲೇತ್ ಸ್ಪಿಂಡಲ್ ಕೂಡ ಎಂಟಿ3 ಆಗಿದ್ದರೆ ಕೋಲೆಟ್‌ಗಳನ್ನು ಎರಡರಲ್ಲೂ ಬಳಸಬಹುದು, ಅದೂ ಒಂದು ಲಾಭವೇ.

ಒಂದು ಅಭ್ಯಾಸ ಮೊದಲ ದಿನದಿಂದಲೇ ಬರಲಿ. ಸಣ್ಣ ಮಷಿನ್‌ನಲ್ಲಿ ಕಟರ್ ತಿರುಗುವ ದಿಕ್ಕಿಗೆ ಎದುರಾಗಿ ಜಾಬ್ ತಳ್ಳಿ. ಕಟರ್ ಎಳೆಯುವ ದಿಕ್ಕಿಗೇ ಕೊಟ್ಟರೆ ಸ್ಕ್ರೂನ ಬ್ಯಾಕ್‌ಲ್ಯಾಶ್ ಅಷ್ಟೂ ಒಂದೇ ಸಲ ಎಳೆದುಕೊಂಡು ಎಂಡ್ ಮಿಲ್ ಮುರಿಯುತ್ತದೆ.

ಡಯಲ್‌ಗೇಜ್:
ದುಡ್ಡಿನ ಲೆಕ್ಕ ಯಾರೂ ಎತ್ತಲಿಲ್ಲ. ಇರುವುದನ್ನೆಲ್ಲ ಮಷಿನ್‌ಗೇ ಹಾಕಬೇಡಿ. ಮಷಿನ್‌ಗೆ ಎಷ್ಟೋ, ಟೂಲಿಂಗ್‌ಗೂ ಕಾಲಕ್ರಮೇಣ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಮಿಲ್ಲಿಂಗ್‌ನಲ್ಲಿ ಇನ್ನೂ ಜಾಸ್ತಿ: ವೈಸ್, ಕ್ಲಾಂಪಿಂಗ್ ಸೆಟ್, ಪ್ಯಾರಲಲ್‌ಗಳು (ಜಾಬ್ ಕೆಳಗಿಡುವ ಸಮ ಪಟ್ಟಿಗಳು), ಕೋಲೆಟ್, ಎಂಡ್ ಮಿಲ್, ಎಡ್ಜ್ ಫೈಂಡರ್. ಒಳ್ಳೆಯ ವೈಸ್ ಮೊದಲು. ಜಾಬ್ ಎತ್ತಿ ಹಿಡಿಯುವ ಕೆಟ್ಟ ವೈಸ್ ಇದ್ದರೆ ಎಂಥ ಮಷಿನ್‌ನಲ್ಲೂ ಚೌಕ ಬರುವುದಿಲ್ಲ.

ಲೇತ್‌ಗೆ ನಾಲ್ಕು ದವಡೆಯ ಚಕ್ ತಪ್ಪದೆ ತಗೊಳ್ಳಿ. ಮೂರು ದವಡೆಯ ಚಕ್‌ನಲ್ಲಿ 0.05ರಿಂದ 0.1 ಮಿ.ಮೀ. ಔಟ್ ಇರುವುದು ಸಾಮಾನ್ಯ. ಒಂದೇ ಹಿಡಿತದಲ್ಲಿ ಎಲ್ಲ ಕೆಲಸ ಮುಗಿಸಿದರೆ ಅದರಿಂದ ತೊಂದರೆ ಇಲ್ಲ, ಆದರೆ ಜಾಬ್ ಬಿಚ್ಚಿ ತಿರುಗಿಸಿ ಹಿಡಿದಾಗ ಗೊತ್ತಾಗುತ್ತದೆ. ನಾಲ್ಕು ದವಡೆಯಲ್ಲಿ ಡಯಲ್ ಇಟ್ಟು ನೂರನೇ ಒಂದು ಮಿ.ಮೀ.ವರೆಗೆ ತರಬಹುದು. ಮೊದಮೊದಲು ಬೇಸರ, ಆಮೇಲೆ ಕೈ ತಾನೇ ಓಡುತ್ತದೆ.

ಟೂಲ್‌ಗೆ ಎಚ್‌ಎಸ್‌ಎಸ್ ಬಿಟ್, ಒಂದು ಬೆಂಚ್ ಗ್ರೈಂಡರ್. ಮಸೆಯುವುದು ಕಲಿಯಿರಿ, ಅದನ್ನು ತಪ್ಪಿಸಿಕೊಳ್ಳಬೇಡಿ. ಚೂಪಾದ ಎಚ್‌ಎಸ್‌ಎಸ್ ಕಡಿಮೆ ಬಲದಲ್ಲಿ ಕತ್ತರಿಸುತ್ತದೆ, ಹಗುರ ಮಷಿನ್‌ಗೆ ಅದೇ ಬೇಕು. ಸಾಮಾನ್ಯ ಕಾರ್ಬೈಡ್ ಇನ್ಸರ್ಟ್‌ಗಳ (ಬದಲಿಸುವ ಗಟ್ಟಿ ತುದಿಗಳು) ಅಂಚು ಸ್ವಲ್ಪ ಮೊಂಡಾಗಿಯೇ ಇರುತ್ತದೆ, ವೇಗ ಮತ್ತು ಆಳ ಎರಡೂ ಕೇಳುತ್ತವೆ. ಇನ್ಸರ್ಟೇ ಬೇಕು ಅಂದರೆ ಅಲ್ಯೂಮಿನಿಯಂಗೆ ಅಂತ ಚೂಪಾಗಿ ಗ್ರೈಂಡ್ ಮಾಡಿದ ಸಿಸಿಜಿಟಿ ನಮೂನೆಯ ಇನ್ಸರ್ಟ್ ಹಾಕಿ, ಸ್ಟೀಲ್‌ನ ಹಗುರ ಕಟ್‌ಗೂ ಚೆನ್ನಾಗಿ ನಡೆಯುತ್ತದೆ.

ಬೀಡುಕಬ್ಬಿಣ:
ಮನೆಯಲ್ಲಿ ಒಬ್ಬರೇ ಕೆಲಸ ಮಾಡುವವರಿಗೆ ಇದನ್ನು ಹೇಳಲೇಬೇಕು. ಕೈಗವಸು ಹಾಕಿಕೊಂಡು ಲೇತ್ ಓಡಿಸಬೇಡಿ. ಉದ್ದ ತೋಳು, ಉಂಗುರ, ಕೈಗಡಿಯಾರ, ಬಿಚ್ಚಿದ ಕೂದಲು, ಯಾವುದೂ ಬೇಡ. ಚಕ್ ಕೀ ಚಕ್‌ನಲ್ಲಿ ಬಿಟ್ಟು ಕೈ ತೆಗೆಯಬಾರದು, ಒಂದು ಕ್ಷಣಕ್ಕೂ. ಉದ್ದ ಸುರುಳಿ ಚಿಪ್ಸ್ ಬ್ಲೇಡಿನಷ್ಟು ಹರಿತ, ಮಷಿನ್ ನಿಲ್ಲಿಸಿ ಕೊಕ್ಕೆಯಿಂದ ಎಳೆಯಿರಿ. ಕನ್ನಡಕ ಯಾವಾಗಲೂ ಇರಲಿ. ಎಮರ್ಜೆನ್ಸಿ ಸ್ವಿಚ್ ತಿರುಗುವ ಚಕ್ ದಾಟಿ ಕೈ ಚಾಚಬೇಕಾದ ಜಾಗದಲ್ಲಿ ಇದ್ದರೆ ಮೊದಲು ಅದನ್ನು ಈಚೆಗೆ ತನ್ನಿ.

ಉಗಿಬಂಡಿ:
ನಿರ್ಧಾರ ಮಾಡಿದೆ. ಎಂಎಲ್7 ನೋಡಿ ಬಂದೆ, ಕ್ಯಾರೇಜ್ ಬೆಡ್‌ನ ಅರ್ಧಕ್ಕೇ ಬಿಗಿಯಾಗಿ ನಿಂತಿತು. ಬೇಡ ಅಂದುಬಿಟ್ಟೆ. ಹೊಸ 250ರ ಲೇತ್, ಬೆಲ್ಟ್ ಬದಲಿಸುವ ಥರದ್ದು, ನಾಲ್ಕು ದವಡೆ ಚಕ್ ಜೊತೆಗೆ. ಡವ್‌ಟೇಲ್ ಕಂಬದ ಮಿಲ್ಲಿಂಗ್ ಆಮೇಲೆ. ಮಷಿನ್ ಬಂದ ಮೇಲೆ ಮೊದಲು ಏನು ಮಾಡಲಿ?

ಹಳೆಟರ್ನರ್:
ಒಳ್ಳೆಯ ನಿರ್ಧಾರ. ಹೊಸ ಮಷಿನ್ ಅಂತ ನೇರ ಕೆಲಸಕ್ಕೆ ಹಚ್ಚಬೇಡಿ. ತುಕ್ಕು ಹಿಡಿಯದಿರಲು ಬಳಿದ ಗ್ರೀಸ್ ಪೂರ್ತಿ ಒರೆಸಿ. ಸ್ಲೈಡ್‌ಗಳನ್ನು ಬಿಚ್ಚಿ ಒಳಗೆ ಉಳಿದ ಗ್ರೈಂಡಿಂಗ್ ಪುಡಿ ತೆಗೆದು, ಬೆಡ್‌ಗೆ 68 ಗ್ರೇಡಿನ ಸ್ಲೈಡ್‌ವೇ ಆಯಿಲ್ ಹಾಕಿ. ಗಿಬ್‌ಗಳನ್ನು ಸರಿ ಮಾಡಿ. ಸ್ಟ್ಯಾಂಡ್ ನೆಲಕ್ಕೆ ಗಟ್ಟಿಯಾಗಿ ಕೂರಲಿ, ಬೆಡ್‌ಗೆ ತಿರುಚು ಬರದ ಹಾಗೆ ಬೋಲ್ಟ್ ಬಿಗಿಯಿರಿ.

ಆಮೇಲೆ 25 ಮಿ.ಮೀ. ರಾಡ್ ಒಂದನ್ನು ಚಕ್‌ನಿಂದ 125 ಮಿ.ಮೀ. ಆಚೆ ಬರುವ ಹಾಗೆ ಹಿಡಿಯಿರಿ, ಟೇಲ್‌ಸ್ಟಾಕ್ ಆಸರೆ ಬೇಡ. ನಡುವೆ ಸಣ್ಣ ಮಾಡಿ ಎರಡು ತುದಿಗೆ ಎರಡು ಕಾಲರ್ ಬಿಡಿ. ಚೂಪಾದ ಎಚ್‌ಎಸ್‌ಎಸ್ ಟೂಲ್‌ನಲ್ಲಿ, ಕ್ರಾಸ್ ಸ್ಲೈಡ್ ಮುಟ್ಟದೆ, ಎರಡರ ಮೇಲೂ ಒಂದೇ ತೆಳು ಕಟ್ ತಗೊಂಡು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಆಚೆ ತುದಿಯ ಕಾಲರ್ ದಪ್ಪ ಬಂದರೆ ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲಿನ ಕೆಳಗೆ ತೆಳು ಶಿಮ್ ಕೊಡಿ. ಸಣ್ಣ ಬಂದರೆ ಹಿಂದಿನ ಕಾಲಿಗೆ. ಎರಡೂ ಸಮ ಬರುವವರೆಗೆ ಕಟ್ ತಗೊಳ್ಳಿ, ಅಳೆಯಿರಿ, ಶಿಮ್ ಬದಲಿಸಿ. ಆಮೇಲೆ ಸಿಲಿಂಡರ್ ಶುರು ಮಾಡಿ.